ಹಳೆ ಜೀಪಿಗೆ ದೊಡ್ಡ ಎಂಜಿನ್: ಕದ್ದು ಕೂರಿಸುವುದೂ ಬೇಡ, ಸುಮ್ಮನೆ ಬೈಯುವುದೂ ಬೇಡ

ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಹಳೆ ಜೀಪಿಗೆ ಇನ್ನೂ ಕೆಲಸ ಮುಗಿದಿಲ್ಲ. ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಕಡೆ ಅಡಿಕೆ ತೋಟಕ್ಕೆ ಇಳಿಯುವ ದಾರಿ, ನ್ಯಾಮತಿ ಕಡೆಯ ಗುಡ್ಡದ ದಾರಿ, ಮಳೆ ಬಿದ್ದಾಗ ಭದ್ರಾ ನಾಲೆ ಏರಿಯ ಮೇಲಿನ ಕೆಸರು. ಇಂಥ ಕಡೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಹೊಸ ಫೋರ್ ಬೈ ಫೋರ್ ಕೊಳ್ಳೋಣ ಅಂದರೆ ರಸ್ತೆಗಿಳಿಯುವ ಹೊತ್ತಿಗೆ ಹತ್ತು ಲಕ್ಷ ದಾಟಿರುತ್ತದೆ. ಹಾಗಾಗಿ ಅಪ್ಪನ ಕಾಲದ ಮಹೀಂದ್ರಾ ಜೀಪು, ಮಿಲಿಟರಿ ಹರಾಜಿನಿಂದ ಕೈ ಬದಲಾಗಿ ಬಂದ ಜಿಪ್ಸಿ ಇವೇ ಇವತ್ತಿಗೂ ಹಲವರ ಆಸರೆ.

ಈ ಗಾಡಿ ತಂದ ಮೇಲೆ ಗ್ಯಾರೇಜಿನ ಮುಂದೆ ಒಂದು ಮಾತು ಹುಟ್ಟೇ ಹುಟ್ಟುತ್ತದೆ. "ಎಳಿಯಾದಿಲ್ಲ ಕಣಣ್ಣ, ಎಂಜಿನ್ ಬದ್ಲಿ ಮಾಡ್ಸಿಬಿಡು." ಗುಜರಿಯಲ್ಲಿ ಅಪಘಾತವಾದ ಗಾಡಿಯ ದೊಡ್ಡ ಎಂಜಿನ್ ಸಿಗುತ್ತದೆ. ಕೂರಿಸುವ ಕೈಯೂ ಇದೆ. ಮೊಬೈಲಿನಲ್ಲಿ ದಿನಾ ಅಂಥದ್ದೇ ವಿಡಿಯೋ. ಹುಡುಗರ ಕೈ ಸುಮ್ಮನಿರುವುದಿಲ್ಲ.

ಈ ವಿಷಯದಲ್ಲಿ ನಾನು ಹೇಳಬೇಕಿರುವುದು ಎರಡೇ ಮಾತು. ಮೊದಲನೆಯದು ಗಾಡಿ ಇಟ್ಟವರಿಗೆ: ದೊಡ್ಡ ಎಂಜಿನ್ ಕೂರಿಸುವುದರಲ್ಲಿ ಎಂಜಿನ್ನೇ ಸಲೀಸಾದ ಭಾಗ. ಬ್ರೇಕು, ಆಕ್ಸಲ್ಲು, ಕಾಗದ ಈ ಮೂರೂ ಸರಿಯಾಗದ ಗಾಡಿಯನ್ನು ರಸ್ತೆಗೆ ತಂದರೆ ನಿಮ್ಮ ಮನೆ ಮಾತ್ರ ಅಲ್ಲ, ಎದುರಿಗೆ ಬರುವವರ ಮನೆಯೂ ಬೀದಿಗೆ ಬರುತ್ತದೆ. ಎರಡನೆಯದು ಸರ್ಕಾರಕ್ಕೆ: ಈ ಕೆಲಸವನ್ನು ಸರಿಯಾಗಿ ಮಾಡಿ, ತೋರಿಸಿ, ಒಪ್ಪಿಗೆ ಪಡೆಯುವ ಒಂದು ಬಾಗಿಲೇ ಇಲ್ಲದ ಹಾಗೆ ಮಾಡಿದ್ದು ತಪ್ಪು. ಬಾಗಿಲು ಮುಚ್ಚಿದರೆ ಕೆಲಸ ನಿಲ್ಲುವುದಿಲ್ಲ, ಕದ್ದು ನಡೆಯುತ್ತದೆ ಅಷ್ಟೆ.

ಇದು ನಿನ್ನೆ ಮೊನ್ನೆಯ ಚಟ ಅಲ್ಲ

ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪನ್ನು ಇಲ್ಲಿಗೆ ತಂದಾಗ ಅದು ಪೆಟ್ರೋಲ್ ಗಾಡಿ. ಸುಮಾರು 2.2 ಲೀಟರಿನ ಎಂಜಿನ್. 1973ರಲ್ಲಿ ಜಗತ್ತಿನಲ್ಲೆಲ್ಲ ತೈಲದ ಬೆಲೆ ಏರಿದ ಮೇಲೆ ಪೆಟ್ರೋಲ್ ಜೀಪು ಸಾಕುವುದು ಆನೆ ಸಾಕಿದ ಹಾಗಾಯಿತು. ಆಗ ದೇಶದ ಎಲ್ಲ ಕಡೆ ಮೇಸ್ತ್ರಿಗಳು ಜೀಪು, ಅಂಬಾಸಿಡರ್‌ಗಳ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಮುಂದೆ ಕಂಪನಿಯೇ ಡೀಸೆಲ್ ಜೀಪು ಕೊಟ್ಟಿತು. 1980ರ ದಶಕದ ಎಂಎಂ 540ರಲ್ಲಿ ಇದ್ದದ್ದು ಪೂಜೋ ಮೂಲದ 2112 ಸಿಸಿ ಡೀಸೆಲ್ ಎಂಜಿನ್, ಶಕ್ತಿ ಸುಮಾರು 62 ಕುದುರೆ.

ಜಿಪ್ಸಿಯ ಕಥೆಯೂ ಹೀಗೇ. 1985ರಲ್ಲಿ ಬಂದಾಗ ಅದರಲ್ಲಿ 970 ಸಿಸಿ ಎಂಜಿನ್, ಸುಮಾರು 45 ಕುದುರೆ. ಆಮೇಲೆ ಕಂಪನಿಯೇ 1298 ಸಿಸಿ ಎಂಜಿನ್ ಕೊಟ್ಟಿತು. ಅದೂ ಸಾಲದವರು ಅದೇ ಕಂಪನಿಯ ಹಳೆ ಬಲೆನೊ ಕಾರಿನ 1590 ಸಿಸಿ ಎಂಜಿನ್ ಹಾಕಿಸಿಕೊಳ್ಳುತ್ತಾರೆ. ದೇಶದಲ್ಲಿ ಜಿಪ್ಸಿ ಹುಚ್ಚಿರುವವರಲ್ಲಿ ಇದು ಎಲ್ಲರಿಗೂ ಗೊತ್ತಿರುವ ಬದಲಾವಣೆ.

ಇನ್ನು ಕೈಕೆಲಸದ ವಿಷಯಕ್ಕೆ ಬಂದರೆ, ನಮ್ಮೂರಿಗೆ ಯಾರೂ ಪಾಠ ಹೇಳಬೇಕಿಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆ ಮೂಲೆಯ ವರ್ಕ್‌ಶಾಪಿಗೆ ಹೋದವು. 2000ದ ದಶಕದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಟರ್ನರ್, ಫಿಟ್ಟರ್, ಮೆಷಿನಿಸ್ಟ್ ಎಂಬ ಕಸುಬುಗಳು ಈ ಊರಿನ ಮನೆ ಮನೆಯಲ್ಲಿ ಬೇರು ಬಿಟ್ಟಿದ್ದವು. ಒಂದು ಕಂಪನಿಯ ಎಂಜಿನ್ನಿಗೂ ಇನ್ನೊಂದು ಕಂಪನಿಯ ಗೇರ್ ಬಾಕ್ಸಿಗೂ ನಡುವೆ ಕೂರಿಸಲು ಒಂದು ದಪ್ಪ ಪ್ಲೇಟು ಬೇಕು. ಅದರ ನಡು ತೂತು ಕೂದಲೆಳೆಯಷ್ಟು ಆಚೀಚೆ ಆದರೂ ಗೇರ್ ಬಾಕ್ಸಿನ ಬೇರಿಂಗು ಬೇಗ ಹೋಗುತ್ತದೆ, ಕ್ಲಚ್ಚು ನಡುಗುತ್ತದೆ. ಅಂಥ ಪ್ಲೇಟನ್ನು ಅಳತೆ ತಪ್ಪದೆ ಮಾಡುವ ಕೈಗಳು ಹರಿಹರದಲ್ಲಿವೆ.

ಅಂದರೆ ತೊಂದರೆ ಇರುವುದು ಕೈಕೆಲಸದಲ್ಲಿ ಅಲ್ಲ. ಎಂಜಿನ್ ಕೂತ ಮೇಲೆ ಉಳಿದ ಗಾಡಿಯನ್ನು ಯಾರು ನೋಡುತ್ತಾರೆ ಎಂಬುದರಲ್ಲಿ.

ಮೊದಲು ಕೇಳಿಕೊಳ್ಳಿ: ಎಳೆತ ಹೋಗಿದ್ದು ಎಲ್ಲಿ?

"ಗಾಡಿ ಎಳೆಯಲ್ಲ" ಅನ್ನುವುದಕ್ಕೆ ಹತ್ತು ಕಾರಣ ಇರಬಹುದು. ಎಂಜಿನ್ ಚಿಕ್ಕದು ಅನ್ನುವುದು ಅದರಲ್ಲಿ ಕೊನೆಯದು.

ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಡೀಸೆಲ್ ಪಂಪು, ನಾಜಲ್ಲು ಸವೆದಿರಬಹುದು. ಪಿಸ್ಟನ್ ರಿಂಗು ಹೋಗಿ ಕಂಪ್ರೆಷನ್ ಇಳಿದಿರಬಹುದು. ಕ್ಲಚ್ ಪ್ಲೇಟು ಜಾರುತ್ತಿರಬಹುದು. ಬ್ರೇಕ್ ಶೂ ಬಿಡದೆ ಡ್ರಮ್ಮಿಗೆ ಅಂಟಿ ಗಾಡಿಯನ್ನು ಹಿಡಿದಿಟ್ಟಿರಬಹುದು.

ಇನ್ನೊಂದು ದೊಡ್ಡ ಕಾರಣ ಟೈರು. ಚೆಂದ ಕಾಣಲಿ ಅಂತ 28 ಇಂಚು ಎತ್ತರದ ಟೈರು ತೆಗೆದು 31 ಇಂಚಿನದು ಹಾಕಿಸುತ್ತಾರೆ. ಟೈರು ಎತ್ತರವಾದಷ್ಟೂ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗಬೇಕು, ಅಷ್ಟು ಮಟ್ಟಿಗೆ ಎಳೆತ ಕಡಿಮೆ. 28ರಿಂದ 31ಕ್ಕೆ ಹೋದರೆ ನೆಲದ ಮೇಲಿನ ಎಳೆತದಲ್ಲಿ ಹತ್ತರಲ್ಲಿ ಒಂದು ಪಾಲು ಹೋಯಿತು. ಟೈರಿನ ತೂಕ ಬೇರೆ. ಆಮೇಲೆ ಎಂಜಿನ್ ಬೈಯುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕೆಸರಲ್ಲಿ, ಗುಡ್ಡದಲ್ಲಿ ಎಳೆಯಲು ಜೀಪಿಗೆ ಬೇಕಾದದ್ದು ಗೇರು. ಹಳೆಯ ವಿಲ್ಲಿಸ್ ಸಿಜೆ ಜೀಪಿನ ಲೆಕ್ಕ ನೋಡಿ. ಮೊದಲನೇ ಗೇರು ಸುಮಾರು 2.8 ಪಟ್ಟು, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46 ಪಟ್ಟು, ಆಕ್ಸಲ್ಲಿನಲ್ಲಿ 5.38 ಪಟ್ಟು. ಮೂರನ್ನೂ ಗುಣಿಸಿದರೆ ಸುಮಾರು 37. ಅಂದರೆ ಎಂಜಿನ್ನಿನ ತಿರುಚು ಬಲ ಚಕ್ರ ಮುಟ್ಟುವ ಹೊತ್ತಿಗೆ 37 ಪಟ್ಟು ಹೆಚ್ಚುತ್ತದೆ. ಅದಕ್ಕೇ 60 ಕುದುರೆ ಶಕ್ತಿಯ ಸಣ್ಣ ಎಂಜಿನ್ ಇಟ್ಟುಕೊಂಡೇ ಆ ಜೀಪು ಗುಡ್ಡ ಹತ್ತಿದ್ದು, ಯುದ್ಧ ಮಾಡಿದ್ದು. ಲೋ ಗೇರು ಹಾಕದೆ ಎರಡನೇ ಗೇರಿನಲ್ಲಿ ದಡಾಲ್ ಅಂತ ನುಗ್ಗಿಸುವವರಿಗೆ ಯಾವ ಎಂಜಿನ್ನೂ ಸಾಲದು.

ಹಾಗಾದರೆ ದೊಡ್ಡ ಎಂಜಿನ್ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಡಾಂಬರು ರಸ್ತೆಯಲ್ಲಿ. ಹೈವೇ ಮೇಲೆ ಓಡಿಸುವುದಕ್ಕೆ. ಅಪಾಯ ಕಾದಿರುವುದೂ ಅಲ್ಲೇ.

ಓಡಿಸುವುದು ಎಂಜಿನ್, ನಿಲ್ಲಿಸುವುದು ಯಾವುದು?

ದಾವಣಗೆರೆಯಿಂದ ಹರಿಹರಕ್ಕೆ ಹಳೆ ಪಿ.ಬಿ. ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ಆ ರಸ್ತೆಯಲ್ಲಿ ಲಾರಿ ಇದೆ, ಭತ್ತ ಹೇರಿದ ಟ್ರ್ಯಾಕ್ಟರ್ ಇದೆ, ಹಿಂದೆ ದೀಪ ಇಲ್ಲದ ಟ್ರೇಲರ್ ಇದೆ, ಸೈಕಲ್ಲಿನಲ್ಲಿ ಶಾಲೆ ಮುಗಿಸಿ ಬರುವ ಮಕ್ಕಳಿದ್ದಾರೆ. ಇಲ್ಲಿ 60ರಲ್ಲಿ ಹೋಗುತ್ತಿದ್ದ ಜೀಪು 90ರಲ್ಲಿ ಹೋಗತೊಡಗಿತು ಅಂದುಕೊಳ್ಳಿ. ವೇಗ ಒಂದೂವರೆ ಪಟ್ಟು. ಆದರೆ ಬ್ರೇಕು ಹೀರಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಒಂದೇ ಬಲದಲ್ಲಿ ಬ್ರೇಕ್ ಹಿಡಿದರೆ ನಿಲ್ಲಲು ಬೇಕಾಗುವ ದೂರವೂ ಎರಡೂಕಾಲು ಪಟ್ಟು. ಇದು ಹೈಸ್ಕೂಲಿನ ವಿಜ್ಞಾನ ಪುಸ್ತಕದ ಲೆಕ್ಕ, ಯಾವ ಮೇಸ್ತ್ರಿಯೂ ಇದನ್ನು ಬದಲಾಯಿಸಲಾರ.

ಹಳೆ ಜೀಪಿನ ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕು. ಎಷ್ಟೋ ಗಾಡಿಯಲ್ಲಿ ಕಾಲಿನ ಬಲವೇ ಗತಿ, ಬೂಸ್ಟರ್ ಇಲ್ಲ. ಡ್ರಮ್ಮು ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ನೀರು ಹೊಕ್ಕರೆ ಒಂದು ಕಡೆಗೆ ಎಳೆಯುತ್ತದೆ. ಗಾಡಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ವಿಲ್ಲಿಸ್ ಸಿಜೆಯಲ್ಲಿ 80 ಇಂಚು, ಅಂದರೆ ಎರಡು ಮೀಟರ್ ಅಷ್ಟೆ. ಗಾಡಿ ಗಿಡ್ಡ, ಅಗಲ ಕಡಿಮೆ, ಕೂತ ಎತ್ತರ ಹೆಚ್ಚು, ಕೆಳಗೆ ಪಟ್ಟಿ ಸ್ಪ್ರಿಂಗು, ಸ್ಟೇರಿಂಗಿನಲ್ಲಿ ನಾಲ್ಕು ಬೆರಳಷ್ಟು ಆಟ. ಜೋರು ಓಟದಲ್ಲಿ ಸ್ಟೇರಿಂಗ್ ತಟ್ಟನೆ ತಿರುಗಿಸಿದರೆ ಮಗುಚುವ ಗಾಡಿ ಇದು. ತಲೆ ಮೇಲೆ ಬಟ್ಟೆಯ ಹುಡ್ಡು, ಹಿಂದೆ ಎದುರುಬದುರು ಬೆಂಚಿನ ಸೀಟು. ಅಲ್ಲಿ ಬೆಲ್ಟೂ ಇಲ್ಲ. ಅಲ್ಲಿ ಕೂರುವವರು ಯಾರು? ತೋಟದ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು, ಜಾತ್ರೆಗೆ ಹೊರಟ ಮನೆ ಮಂದಿ.

ಇನ್ನು ಆಕ್ಸಲ್ಲು. ಎಂಎಂ 540ರ ಹಳೆ ಎಂಜಿನ್ನಿನ ತಿರುಚು ಬಲ ಸುಮಾರು 120 ನ್ಯೂಟನ್ ಮೀಟರ್. 2010ರಲ್ಲಿ ಬಂದ ಥಾರ್‌ನ 2498 ಸಿಸಿ ಸಿಆರ್‌ಡಿಇ ಎಂಜಿನ್ನಿನದು 247. ಎರಡು ಪಟ್ಟು. ಕುದುರೆ ಲೆಕ್ಕದಲ್ಲಿ 62ರಿಂದ 105ಕ್ಕೆ ಏರಿಕೆ. ಆ ಬಲ ಲೋ ಗೇರಿನಲ್ಲಿ ಹತ್ತಾರು ಪಟ್ಟಾಗಿ ಆಕ್ಸಲ್ಲಿನ ಶಾಫ್ಟಿಗೆ ಹೋಗುತ್ತದೆ ಎಂಬುದನ್ನು ಮೇಲೆ ನೋಡಿದೆವು. ಮೂವತ್ತು ನಲವತ್ತು ವರ್ಷ ದುಡಿದ ಶಾಫ್ಟು, ಕ್ರಾಸ್, ಕ್ರೌನ್ ವೀಲು ಇದನ್ನು ತಡೆಯಬೇಕು. ಗುಡ್ಡ ಹತ್ತುವಾಗ ಹಿಂದಿನ ಶಾಫ್ಟು ತುಂಡಾದರೆ ಗಾಡಿ ಹಿಂದಕ್ಕೆ ಉರುಳುತ್ತದೆ. ಹಳೆ ಜೀಪುಗಳಲ್ಲಿ ಕೈಬ್ರೇಕು ಇರುವುದು ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲೆ. ಆಕ್ಸಲ್ ಶಾಫ್ಟು ತುಂಡಾದರೆ ಕೈಬ್ರೇಕ್ ಎಳೆದರೂ ಚಕ್ರಕ್ಕೆ ತಲುಪುವುದಿಲ್ಲ. ಇದನ್ನು ವಿಡಿಯೋದಲ್ಲಿ ಯಾರೂ ತೋರಿಸುವುದಿಲ್ಲ.

ಇನ್ನೂ ಸಣ್ಣಪುಟ್ಟದ್ದು ಇದೆ. ದೊಡ್ಡ ಎಂಜಿನ್ ಭಾರ, ಮೂತಿ ಕೆಳಗಾಗುತ್ತದೆ. ಹಳ್ಳ ಬಿದ್ದಾಗ ಮುಂದಿನ ಆಕ್ಸಲ್ಲು ಎದ್ದು ಎಣ್ಣೆ ಚೇಂಬರಿಗೆ ಬಡಿಯುತ್ತದೆ. ಹಳೆ ರೇಡಿಯೇಟರ್ ಸಾಲದೆ ಎಂಜಿನ್ ಕಾಯುತ್ತದೆ. ಗೇರ್ ಬಾಕ್ಸು ನಾಲ್ಕು ಇಂಚು ಹಿಂದೆ ಸರಿದರೆ ಮೊದಲೇ ಗಿಡ್ಡ ಇರುವ ಹಿಂದಿನ ಪ್ರೊಪೆಲ್ಲರ್ ಶಾಫ್ಟು ಇನ್ನೂ ಗಿಡ್ಡವಾಗಿ, ಕೋನ ಕಡಿದಾಗಿ, ಕ್ರಾಸು ಪದೇ ಪದೇ ಹೋಗುತ್ತದೆ. ಸಿಆರ್‌ಡಿಇ ಎಂಜಿನ್ ಆದರೆ ಅದರ ಕಂಪ್ಯೂಟರು, ಸೆನ್ಸರು, ವೈರಿಂಗು ಪೂರ್ತಿ ಬರಬೇಕು. ಒಂದು ಸೆನ್ಸರ್ ಕೈಕೊಟ್ಟರೆ ಅಡಿಕೆ ತೋಟದ ನಡುವೆ ಸ್ಕ್ಯಾನರ್ ಹಿಡಿದು ಬರುವವರು ಯಾರು?

ಎಂಜಿನ್ನಿಗೆ ಇಷ್ಟು, ಕೂಲಿಗೆ ಇಷ್ಟು ಅಂತ ಗ್ಯಾರೇಜಿನಲ್ಲಿ ಹೇಳುವ ಲೆಕ್ಕದಲ್ಲಿ ಇದ್ಯಾವುದೂ ಇರುವುದಿಲ್ಲ. ದುಡ್ಡು ಎಂಜಿನ್ನಿಗೇ ಮುಗಿಯುತ್ತದೆ. ಬ್ರೇಕು "ಆಮೇಲೆ ನೋಡೋಣ" ಆಗುತ್ತದೆ.

ಕಾಗದದಲ್ಲಿ ಏನಿದೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಬದಲಾವಣೆಯದ್ದು. ಮೊದಲು ಅದರಲ್ಲಿ ಒಂದು ದಾರಿ ಇತ್ತು. ಆರ್‌ಟಿಒಗೆ ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ಬದಲಾವಣೆ ಮಾಡಿಸಿ, ಆರ್‌ಸಿಯಲ್ಲಿ ಬರೆಸಿಕೊಳ್ಳಬಹುದಿತ್ತು. ಪೆಟ್ರೋಲ್ ಇಳಿಸಿ ಡೀಸೆಲ್ ಕೂರಿಸಿದ ಎಷ್ಟೋ ಹಳೆ ಗಾಡಿಗಳ ಆರ್‌ಸಿಯಲ್ಲಿ ಅದು ದಾಖಲಾಗಿರುವುದು ಇದರಿಂದಲೇ.

2000ದಲ್ಲಿ ಕಾಯ್ದೆ ತಿದ್ದುಪಡಿ ಆಯಿತು. ಕಂಪನಿ ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು ಎಂದಾಯಿತು. ಬೇರೆ ಇಂಧನಕ್ಕೆ, ಅಂದರೆ ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಒಪ್ಪಿಗೆ ಪಡೆದ ಕಿಟ್ ಹಾಕಿಸಲು ಮಾತ್ರ ವಿನಾಯಿತಿ ಉಳಿಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮನ್ನು ಬದಲಿಸಿ ಬರೆಯಲಾಯಿತು. ಅದರ ಪ್ರಕಾರ ಕಾಯ್ದೆ ಒಪ್ಪದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

"ಒಂದೇ ಕಂಪನಿಯ ಎಂಜಿನ್ ಹಾಕಿಸಿದರೆ ತೊಂದರೆ ಇಲ್ಲ" ಎಂದು ಹಲವರು ನಂಬಿದ್ದಾರೆ. ಅದು ಅರ್ಧ ಸತ್ಯ. ಕೆಟ್ಟ ಎಂಜಿನ್ ತೆಗೆದು ಅದೇ ಕಂಪನಿಯ, ಅದೇ ಬಗೆಯ ಎಂಜಿನ್ ಕೂರಿಸುವುದಕ್ಕೆ ಆರ್‌ಟಿಒ ಒಪ್ಪಿಗೆಯ ದಾರಿ ಇದೆ. ಬಲೆನೊ ಎಂಜಿನ್ ಜಿಪ್ಸಿ ತಯಾರಿಸಿದ ಕಂಪನಿಯದೇ ಆದರೂ ಜಿಪ್ಸಿಯ ಎಂಜಿನ್ ಅಲ್ಲ. ಸಿಸಿ ಬೇರೆ, ಬಗೆ ಬೇರೆ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗಾಡಿಯನ್ನು ಕೆಎ 17ರ ಕಚೇರಿಗೆ ಒಯ್ದು ತಪಾಸಣೆ ಮಾಡಿಸಬೇಕು. ಎಂಜಿನ್ ನಂಬರು ಆರ್‌ಸಿಗೆ ತಾಳೆಯಾಗದಿದ್ದರೆ ಅಲ್ಲೇ ನಿಂತಿತು. ಇನ್ನೊಂದು ಮಾತು: ಗುಜರಿಯಿಂದ ತಂದ ಎಂಜಿನ್ ಯಾವ ಗಾಡಿಯದು? ಬಿಲ್ಲು ಇಲ್ಲದ ಎಂಜಿನ್ ಕಳುವಿನ ಗಾಡಿಯದಾಗಿದ್ದರೆ, ಪೊಲೀಸರ ಎದುರು ಕೈಕಟ್ಟಿ ನಿಲ್ಲಬೇಕಾದವರು ನೀವು. ಮಾರಿದವನು ಆ ಹೊತ್ತಿಗೆ ಫೋನ್ ಎತ್ತುವುದಿಲ್ಲ.

ಒಂದು ಅಪಘಾತ ಆದರೆ

ದಂಡದ 5,000 ದೊಡ್ಡದಲ್ಲ. ಹೆದರಬೇಕಾದದ್ದು ಅದಕ್ಕೂ ಅಲ್ಲ.

ಸಂಜೆ ಹೊತ್ತು ಬೈಕಿನಲ್ಲಿ ಹೋಗುತ್ತಿರುವ ಒಬ್ಬ ದುಡಿಯುವ ಗಂಡಸಿಗೆ ನಿಮ್ಮ ಜೀಪು ಬಡಿಯಿತು, ಆತ ತೀರಿಕೊಂಡ ಅಂದುಕೊಳ್ಳಿ. ಅವನ ಹೆಂಡತಿ, ಮಕ್ಕಳು ಪರಿಹಾರಕ್ಕೆ ಕೋರ್ಟಿಗೆ ಹೋಗುತ್ತಾರೆ, ಹೋಗಲೇಬೇಕು. ವಯಸ್ಸು, ದುಡಿಮೆ ನೋಡಿ ಲಕ್ಷಗಟ್ಟಲೆ ಪರಿಹಾರ ಆಗುತ್ತದೆ. ವಿಮೆ ಕಂಪನಿಯ ವಕೀಲರು ಮೊದಲು ನೋಡುವುದು ಗಾಡಿಯ ಕಾಗದ. ಪಾಲಿಸಿಯಲ್ಲಿ 2112 ಸಿಸಿ, ಗಾಡಿಯಲ್ಲಿ 2498 ಸಿಸಿ. ಮುಖ್ಯ ವಿಷಯ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾರೆ ಎಂದು ವಾದಿಸಲು ಅವರಿಗೆ ನೀವೇ ಕಾರಣ ಕೊಟ್ಟ ಹಾಗಾಯಿತು. ವಾದ ಗೆಲ್ಲಬಹುದು, ಸೋಲಬಹುದು. ಕೋರ್ಟು ಕೆಲವು ಪ್ರಕರಣಗಳಲ್ಲಿ ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎನ್ನುವುದೂ ಉಂಟು. ವಸೂಲಿ ಅಂದರೆ ನಮ್ಮ ಕಡೆ ಏನು? ಎರಡು ಎಕರೆ ತೋಟ. ನಿಮ್ಮ ಗಾಡಿಯ ರಿಪೇರಿ ಹಣವಂತೂ ಕೇಳಲೇಬೇಡಿ.

ಆ ಕಡೆಯ ಮನೆಯನ್ನೂ ನೆನೆಯಿರಿ. ದುಡಿಯುವವನು ಹೋದ, ಪರಿಹಾರ ವಾದದಲ್ಲಿ ಸಿಕ್ಕಿಕೊಂಡಿತು, ವರ್ಷಗಳು ಉರುಳಿದವು. ನಿಮ್ಮ ಎಂಜಿನ್ನಿನ ಶೋಕಿಗೆ ಅವರು ಸಾಲ ಮಾಡಬೇಕೇ?

ಹಾಗಾದರೆ ತಪ್ಪೆಲ್ಲ ಗಾಡಿ ಇಟ್ಟವರದ್ದೇ?

ಇಲ್ಲಿಗೆ ನಿಲ್ಲಿಸಿದರೆ ಈ ಬರಹ ಪೊಲೀಸ್ ಠಾಣೆಯ ಬೋರ್ಡಿನ ಹಾಗಾಗುತ್ತದೆ. ಇನ್ನೊಂದು ಕಡೆಯನ್ನೂ ಹೇಳಬೇಕು.

ಹಳೆ ಗಾಡಿಯನ್ನು ಗುಜರಿಗೆ ಹಾಕದೆ ಮತ್ತೆ ದುಡಿಸುವುದು ಒಳ್ಳೆಯ ಬುದ್ಧಿ. ರೈತನ ಮನೆಯಲ್ಲಿ ಯಾವ ವಸ್ತುವನ್ನೂ ಒಂದೇ ಸಲ ಬಳಸಿ ಎಸೆಯುವುದಿಲ್ಲ. ಹಳೆ ಎಂಜಿನ್ನಿನ ಬಿಡಿಭಾಗ ಸಿಗದೆ ಹೋದಾಗ ಬೇರೆ ಎಂಜಿನ್ ಹುಡುಕುವುದು ಶೋಕಿ ಅಲ್ಲ, ಅನಿವಾರ್ಯ. ಹೊಸ ಎಂಜಿನ್ ಹೊಗೆ ಕಡಿಮೆ ಬಿಡುತ್ತದೆ, ಡೀಸೆಲ್ ಉಳಿಸುತ್ತದೆ ಎಂಬ ವಾದದಲ್ಲೂ ಹುರುಳಿದೆ. ಇವನ್ನೆಲ್ಲ ಕೇಳಿಸಿಕೊಳ್ಳುವ ಒಂದು ಕಿಟಕಿ ಆರ್‌ಟಿಒ ಕಚೇರಿಯಲ್ಲಿ ಇಲ್ಲ.

ಬೇರೆ ದೇಶದವರು ಹೇಗೆ ಮಾಡುತ್ತಾರೆ ನೋಡಿ. ಆಸ್ಟ್ರೇಲಿಯಾದಲ್ಲಿ ಎಂಜಿನ್ ಬದಲಾವಣೆಗೆ ಬರೆದಿಟ್ಟ ನಿಯಮ ಇದೆ. ಗಾಡಿಯ ತೂಕಕ್ಕೆ ಇಷ್ಟರವರೆಗಿನ ಎಂಜಿನ್ ಸಾಕು ಎಂಬ ಮಿತಿ ಇದೆ. ದೊಡ್ಡ ಬದಲಾವಣೆ ಆದರೆ ಅಧಿಕಾರ ಪಡೆದ ಎಂಜಿನಿಯರ್ ಗಾಡಿ ನೋಡಿ ಪ್ರಮಾಣಪತ್ರ ಕೊಡಬೇಕು. ಬ್ರಿಟನ್ನಿನಲ್ಲಿ ಎಂಜಿನ್ ಬದಲಿಸಿದರೆ ನೋಂದಣಿ ಇಲಾಖೆಗೆ ತಿಳಿಸಿ ದಾಖಲೆ ಬದಲಿಸಿಕೊಳ್ಳಬೇಕು. ಅಲ್ಲಿಯ ಹುಡುಗರಿಗೂ ಶೋಕಿ ಇದೆ. ಆದರೆ ಹೋಗಿ ತೋರಿಸಲು ಒಂದು ಜಾಗ ಇದೆ.

ನಮ್ಮಲ್ಲೇ ಪೆಟ್ರೋಲ್ ಕಾರಿಗೆ ಸಿಎನ್‌ಜಿ ಸಿಲಿಂಡರ್ ಕೂರಿಸಲು ದಾರಿ ಇದೆ, ಎಂಜಿನ್ ಪೂರ್ತಿ ಕಿತ್ತು ಬ್ಯಾಟರಿ ಮೋಟಾರು ಕೂರಿಸಲು ದಾರಿ ಇದೆ. ಪರೀಕ್ಷೆ ಮಾಡಿದ ಕಿಟ್, ಒಪ್ಪಿಗೆ ಇರುವ ಕೇಂದ್ರ, ಆರ್‌ಸಿಯಲ್ಲಿ ದಾಖಲೆ. ಇಷ್ಟು ಮಾಡಲು ಬಂದವರಿಗೆ ಒಂದು ಡೀಸೆಲ್ ಎಂಜಿನ್ ಇಳಿಸಿ ಇನ್ನೊಂದು ಕೂರಿಸುವುದನ್ನು ಪರೀಕ್ಷೆ ಮಾಡಲು ಬರುವುದಿಲ್ಲವೇ?

ಇದನ್ನು ಮಾಡಲು ದಾವಣಗೆರೆ–ಹರಿಹರದಷ್ಟು ಒಳ್ಳೆಯ ಜಾಗ ಕಡಿಮೆ. 1951ರಿಂದ ಇರುವ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಇದೆ. 1979ರಲ್ಲಿ ಶುರುವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಇದೆ. ಹರಿಹರದಲ್ಲಿ ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ ಇದೆ. ಕಿರ್ಲೋಸ್ಕರ್ ಕಾಲದ ಕೈಕಸುಬಿನ ನೆನಪು ಇನ್ನೂ ಇದೆ. ನಾನು ಕೇಳುವುದು ಇಷ್ಟು:

ಒಂದು, 52ನೇ ಕಲಮಿಗೆ ತಿದ್ದುಪಡಿ ತಂದು, ಮೊದಲಿದ್ದ ಒಪ್ಪಿಗೆಯ ದಾರಿಯನ್ನು ಷರತ್ತಿನ ಮೇಲೆ ಮತ್ತೆ ತೆರೆಯಲಿ. ಇದು ಸಂಸತ್ತಿನ ಕೆಲಸ, ನಮ್ಮ ಸಂಸದರನ್ನು ಕೇಳಬೇಕಾದ ಪ್ರಶ್ನೆ.

ಎರಡು, ಗಾಡಿಯ ತೂಕಕ್ಕೆ ತಕ್ಕಂತೆ ಎಂಜಿನ್ ಶಕ್ತಿಗೆ ಮಿತಿ ಇರಲಿ. ಬ್ರೇಕು, ಆಕ್ಸಲ್ಲು, ಸ್ಟೇರಿಂಗು, ಸೀಟ್ ಬೆಲ್ಟು, ಹೊಗೆ ಇವಿಷ್ಟನ್ನೂ ಪರೀಕ್ಷಿಸದೆ ಒಪ್ಪಿಗೆ ಬೇಡ.

ಮೂರು, ಪರೀಕ್ಷೆಗೆ ಪುಣೆ, ಬೆಂಗಳೂರಿಗೆ ಅಲೆಸಬೇಡಿ. ಜಿಲ್ಲೆಯ ಸರ್ಕಾರಿ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಅಧಿಕಾರ ಕೊಡಿ, ಅದರ ಮೇಲೆ ಆರ್‌ಟಿಒ ಸಹಿ ಇರಲಿ.

ನಾಲ್ಕು, ಮೇಸ್ತ್ರಿಗಳಿಗೆ ತರಬೇತಿ, ಗುರುತಿನ ನಂಬರು ಕೊಡಿ. ಕೂರಿಸಿದವರ ಹೆಸರು ಕಾಗದದಲ್ಲಿ ಬಂದರೆ ಕೆಲಸದ ಮರ್ಯಾದೆಯೂ ಹೆಚ್ಚುತ್ತದೆ, ಜವಾಬ್ದಾರಿಯೂ ಹೆಚ್ಚುತ್ತದೆ.

"ಅಲ್ಲೂ ಲಂಚ ಶುರುವಾಗುತ್ತೆ" ಅನ್ನುವವರಿದ್ದಾರೆ. ಆಗಬಹುದು. ಆದರೆ ಇವತ್ತು ಬ್ರೇಕು ನೋಡುವವರೇ ಯಾರೂ ಇಲ್ಲ. ಒಂದು ಕಣ್ಣಾದರೂ ನೋಡಲಿ.

ಅಲ್ಲಿಯವರೆಗೆ ಏನು ಮಾಡುವುದು?

ಕಾಯ್ದೆ ಬದಲಾಗುವವರೆಗೆ ದೊಡ್ಡ ಎಂಜಿನ್ ಹಾಕಿದ ಗಾಡಿಯನ್ನು ರಸ್ತೆಗೆ ತರಬೇಡಿ. ನಾನು ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಬಾಗಿಲು ತೆರೆಯಬೇಕು ಎಂದು ಕೇಳುವುದು ಬೇರೆ, ಗೋಡೆ ಹಾರುವುದು ಬೇರೆ.

ಇರುವ ಎಂಜಿನ್ನನ್ನೇ ಸರಿ ಮಾಡಿಸಿ. ಬೋರಿಂಗ್ ಮಾಡಿಸಿ, ಹೊಸ ಪಿಸ್ಟನ್, ರಿಂಗು ಹಾಕಿಸಿ. ಕ್ರ್ಯಾಂಕ್ ಉಜ್ಜಿಸಿ, ವಾಲ್ವ್ ಸೀಟು ಕೂರಿಸಿ. ಡೀಸೆಲ್ ಪಂಪು, ನಾಜಲ್ಲನ್ನು ಪಂಪ್ ರೂಮಿಗೆ ಕೊಟ್ಟು ಅಳತೆ ಮಾಡಿಸಿ. ಎಂಜಿನ್ ಬೋರಿಂಗು, ಲೇತ್ ಕೆಲಸಕ್ಕೆ ನಮ್ಮ ಎರಡೂ ಊರಿನಲ್ಲಿ ಕೊರತೆ ಇಲ್ಲ. ಸರಿಯಾಗಿ ಕಟ್ಟಿದ ಹಳೆ ಎಂಜಿನ್ ಕಂಪನಿಯಿಂದ ಬಂದ ದಿನದಷ್ಟೇ ಎಳೆಯುತ್ತದೆ. ಅದಕ್ಕಿಂತ ಹೆಚ್ಚು ತೋಟದ ದಾರಿಗೆ ಬೇಕಿಲ್ಲ.

ಬ್ಲಾಕ್ ಒಡೆದು ಎಂಜಿನ್ ಉಳಿಯುವಂತೆಯೇ ಇಲ್ಲದಿದ್ದರೆ, ಅದೇ ಕಂಪನಿಯ ಅದೇ ಬಗೆಯ ಎಂಜಿನ್ ಹುಡುಕಿ. ತರುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಮಾರಿದವರ ಬಿಲ್ಲು, ಎಂಜಿನ್ ಬಂದ ಗಾಡಿಯ ಕಾಗದ ಇಟ್ಟುಕೊಳ್ಳಿ. ಸಾಲದ ಗಾಡಿ ಆದರೆ ಸಾಲ ಕೊಟ್ಟವರ ಬರವಣಿಗೆಯ ಒಪ್ಪಿಗೆಯೂ ಬೇಕು. ಬದಲಿಸಿದ ಮೇಲೆ 14 ದಿನದೊಳಗೆ ಆರ್‌ಸಿಯಲ್ಲಿ ಹೊಸ ನಂಬರು ಬರೆಸಿ, ವಿಮೆ ಕಂಪನಿಗೂ ತಿಳಿಸಿ.

ಟೈರು ಕಂಪನಿ ಹೇಳಿದ ಅಳತೆಗೆ ಇಳಿಸಿ. ಬ್ರೇಕಿನ ಶೂ, ಸಿಲಿಂಡರು, ಹೋಸು ಹೊಸದು ಹಾಕಿಸಿ. ಎಂಜಿನ್ನಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಇದಿಷ್ಟೂ ಆಗಿ ಇನ್ನೂ ಉಳಿಯುತ್ತದೆ. ಕೆಸರಿನಲ್ಲಿ ಲೋ ಗೇರು ಬಳಸಿ. ಡಾಂಬರು ರಸ್ತೆಗೆ ಬಂದ ಕೂಡಲೇ ಫೋರ್ ಬೈ ಫೋರ್ ಬಿಡಿಸಿ. ಈ ಹಳೆ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಇಲ್ಲ. ಗಟ್ಟಿ ನೆಲದಲ್ಲಿ ತಿರುವು ತೆಗೆದುಕೊಂಡರೆ ಟೈರೂ ಸವೆಯುತ್ತದೆ, ಟ್ರಾನ್ಸ್‌ಫರ್ ಕೇಸೂ ಹಾಳಾಗುತ್ತದೆ.

ಈಗಾಗಲೇ ದೊಡ್ಡ ಎಂಜಿನ್ ಕೂತ ಗಾಡಿಯನ್ನು ಕೊಳ್ಳಲು ಹೊರಟಿದ್ದರೆ, ದುಡ್ಡು ಕೊಡುವ ಮೊದಲು ಬಾನೆಟ್ ಎತ್ತಿ ಎಂಜಿನ್ ನಂಬರನ್ನು ಆರ್‌ಸಿಗೆ ತಾಳೆ ನೋಡಿ. ತಾಳೆಯಾಗದಿದ್ದರೆ ನಮಸ್ಕಾರ ಹೇಳಿ ವಾಪಸ್ ಬನ್ನಿ, ಗಾಡಿ ಎಷ್ಟೇ ಚೆಂದ ಇರಲಿ.

ಗ್ಯಾರೇಜಿನ ಅಣ್ಣಂದಿರಿಗೂ ಒಂದು ಮಾತು. ನಿಮ್ಮ ಕೈಚಳಕಕ್ಕೆ ಕೈಮುಗಿಯಬೇಕು. ಆದರೆ ಇಪ್ಪತ್ತೆರಡರ ಹುಡುಗ ಬಂದು "ದೊಡ್ಡ ಎಂಜಿನ್ ಹಾಕ್ರಿ" ಅಂದಾಗ, "ಮೊದ್ಲು ಬ್ರೇಕ್ ತೋರ್ಸಪ್ಪ" ಅನ್ನುವ ಮಾತು ನಿಮ್ಮ ಬಾಯಿಂದ ಬರಲಿ. ಅಪ್ಪನ ಮಾತು ಕೇಳದವನು ಮೇಸ್ತ್ರಿ ಮಾತು ಕೇಳುತ್ತಾನೆ.